ಶಾಲೆಯ ಲೆಕ್ಕದಲ್ಲಿ ಬಾಕಿ ಉಳಿದದ್ದು



ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಓದಿದವನು. ಚಾರ್ಟರ್ಡ್ ಅಕೌಂಟೆಂಟ್ ಆಗಿ ಹದಿನೈದು ವರ್ಷಗಳಿಂದ ಈ ಗಲ್ಫ್ ನಾಡಿನಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ನಮ್ಮ ಸಂಘದ ಶಾಲಾ ನಿಧಿಯನ್ನು ಹೇಗೆ ಬಳಸಬೇಕೆಂದು ಇಂದು ನಿರ್ಧರಿಸಲಿದ್ದೇವೆ. ಅದಕ್ಕೂ ಮೊದಲು ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳ ಬಗ್ಗೆ ನಾಲ್ಕು ಮಾತು.

ಮೊದಲು ಜಮೆಯ ಕಡೆ ನೋಡೋಣ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಪ್ರಾದೇಶಿಕ ಅಸಮತೋಲನವನ್ನು ತಾಲ್ಲೂಕುವಾರು ಬಿಡಿಸಿ ತೋರಿಸಿತು. ಅದೇ ವರ್ಷ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮವೂ ಇದ್ದವು. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. 371(ಜೆ) ವಿಧಿಯಿಂದ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು. 2024-25ರ ರಾಜ್ಯ ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಕೊಠಡಿಗಳು ಎದ್ದವು, ದಾಖಲಾತಿ ಹೆಚ್ಚಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಲೆಕ್ಕಿಗನಿಗೆ ಸರಾಸರಿಯ ಮೇಲೆ ಯಾವಾಗಲೂ ಅನುಮಾನ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಸುಮಾರು ಶೇ 75. ದಕ್ಷಿಣ ಕನ್ನಡದಲ್ಲಿ ಶೇ 88 ದಾಟಿದ್ದರೆ, ಯಾದಗಿರಿಯಲ್ಲಿ ಸುಮಾರು ಶೇ 52. ಸರಾಸರಿಯನ್ನಷ್ಟೇ ಓದಿದವನಿಗೆ ಯಾದಗಿರಿ ಕಾಣುವುದೇ ಇಲ್ಲ. ಶಿಕ್ಷಕರ ವಿಷಯವೂ ಹೀಗೆಯೇ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೊಬ್ಬ ಶಿಕ್ಷಕ ಎಂಬ ನಿಯಮ ಪ್ರತಿಯೊಂದು ಶಾಲೆಗೂ ಅನ್ವಯಿಸುತ್ತದೆ. ಜಿಲ್ಲೆಯನ್ನೆಲ್ಲ ಕೂಡಿ ಭಾಗಿಸಿ ತೋರಿಸಿದರೆ ಸಾಲದು.

ನಮ್ಮದೇ ತಪ್ಪೊಂದನ್ನು ಹೇಳುತ್ತೇನೆ. ಕೆಲ ವರ್ಷಗಳ ಹಿಂದೆ ನಾವು ಗೆಳೆಯರು ದುಡ್ಡು ಕೂಡಿಸಿ ಊರ ಕಡೆಯ ಶಾಲೆಯೊಂದಕ್ಕೆ ಕಂಪ್ಯೂಟರ್ ಕೊಡಿಸಿದೆವು. ಹಾರ, ಶಾಲು, ಫೋಟೋ ಎಲ್ಲ ಆಯಿತು. ಮರುವರ್ಷ ರಜೆಗೆ ಹೋದಾಗ ಅವು ಹೊದಿಕೆಯ ಕೆಳಗೇ ಇದ್ದವು. ಐದು ತರಗತಿಗೆ ಇಬ್ಬರು ಶಿಕ್ಷಕರು; ಆ ದಿನ ಒಬ್ಬರು ತರಬೇತಿಗೆ ಹೋಗಿದ್ದರು. ಅತಿಥಿ ಶಿಕ್ಷಕಿ ಬೇರೆ ಕೆಲಸ ಸಿಕ್ಕಿ ಬಿಟ್ಟಿದ್ದರು. "ಸಾರ್, ಕೊಡೋ ಮುಂಚೆ ಒಂದು ಮಾತು ಕೇಳಬೇಕಿತ್ತು" ಎಂದರು ಮುಖ್ಯೋಪಾಧ್ಯಾಯರು. ನನ್ನಲ್ಲಿ ಉತ್ತರವಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಜಾಗ ಖಾಲಿ ಇತ್ತು. ಕೆಲವರು ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದರು, ಕೆಲವರು ಹತ್ತಿ ಬಿಡಿಸಲು ಹೊಲಕ್ಕೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅವರೆಲ್ಲರ ಹೆಸರಿತ್ತು.

ಕಟ್ಟಡ, ಕಂಪ್ಯೂಟರ್ ಬಂಡವಾಳ ವೆಚ್ಚ: ಒಮ್ಮೆ ಕೊಟ್ಟರೆ ಮುಗಿಯಿತು, ಹೆಸರಿನ ಫಲಕವೂ ಸಿಗುತ್ತದೆ. ಕಲಿಕೆ ಹಾಗಲ್ಲ; ಅದು ತಿಂಗಳು ತಿಂಗಳೂ ಬೇಡುವ ವೆಚ್ಚ. ದಾನಿಗಳು ಹಿಂಜರಿಯುವುದು ಇಲ್ಲಿಯೇ.

ಆದ್ದರಿಂದ ಮೂರು ಸಲಹೆ. ಒಂದು, ಕೊಡುವ ಮೊದಲು ಎಸ್‌ಡಿಎಂಸಿ ಮತ್ತು ಶಿಕ್ಷಕರನ್ನು ಕೇಳೋಣ. ಎರಡು, ನಿಧಿಯ ಅರ್ಧವನ್ನಾದರೂ ಮೂರು ವರ್ಷಕ್ಕೆ ಕಟ್ಟಿಟ್ಟು, ಗುಳೆಯಿಂದ ಮರಳಿದ ಮಕ್ಕಳಿಗೆ ಸಂಜೆ ಪಾಠ ಹೇಳುವ ಊರಿನವರಿಗೇ ಗೌರವಧನ ಕೊಡೋಣ. ಮೂರು, ಫೋಟೋ ಬೇಡ. ಮೂರನೇ ತರಗತಿಯ ಎಷ್ಟು ಮಕ್ಕಳು ತಡವರಿಸದೆ ಕನ್ನಡ ಓದುತ್ತಾರೆ ಎಂದು ಜೂನ್‌ನಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ ನೋಡೋಣ. ಖಾಲಿ ಹುದ್ದೆ ತುಂಬುವುದು ಸರ್ಕಾರದ ಹೊಣೆ. ನಮ್ಮ ನೆರವು ಅದಕ್ಕೆ ನೆಪವಾಗಬಾರದು.

ಹೊಟ್ಟೆಪಾಡಿಗೆ ಊರು ಬಿಟ್ಟ ನಾವೂ ಗುಳೆ ಬಂದವರೇ. ವಿಮಾನ ಹತ್ತುವ ಮೊದಲು ನಮಗೆ ಅಕ್ಷರ ಕಲಿಸಿದ ಮೇಷ್ಟ್ರು ಒಬ್ಬರಿದ್ದರು. ಆ ಋಣ ಇನ್ನೂ ನಮ್ಮ ಖಾತೆಯಲ್ಲೇ ಇದೆ.