ಹತ್ತು ಪುಟದ ಪಟ್ಟಿ, ಒಂದೇ ತಲೆಸಾಲು

ಕೋಷ್ಟಕದೊಳಗಿನ ಒಂದು ಅಂಕಿಗೆ ಅರ್ಥ ಬರುವುದು ಎರಡು ದಿಕ್ಕಿನಿಂದ. ಒಂದು, ಅದೇ ಅಡ್ಡಸಾಲಿನ ಎಡತುದಿಯಲ್ಲಿರುವ ಹೆಸರು. ಇನ್ನೊಂದು, ಆ ಕಂಬಸಾಲಿನ ನೆತ್ತಿಯ ಮೇಲಿರುವ ತಲೆಬರಹ. ಪಟ್ಟಿ ಉದ್ದವಾಗಿ ಎರಡನೆಯ ಪುಟಕ್ಕೆ ದಾಟಿದಾಗ ಹೆಸರು ಅಂಕಿಯ ಜೊತೆಯಲ್ಲೇ ಬರುತ್ತದೆ. ತಲೆಬರಹ ಮಾತ್ರ ಮೊದಲ ಪುಟದಲ್ಲೇ ಉಳಿದುಬಿಡುತ್ತದೆ. ಕಿರ್ದಿ, ಖಾತೆ ಬರೆಯುತ್ತಿದ್ದ ಹಳೆಯ ಗುಮಾಸ್ತರಿಗೆ ಇದು ಚೆನ್ನಾಗಿ ಗೊತ್ತಿತ್ತು. ಪುಟ ತಿರುಗಿಸಿದ ಕೂಡಲೇ ಅವರು ಮೊದಲು ಗೆರೆ ಎಳೆದು, ತಲೆಬರಹಗಳನ್ನು ಮತ್ತೆ ಬರೆದು, ಹಿಂದಿನ ಪುಟದಿಂದ ತಂದ ಮೊತ್ತವನ್ನು ನಮೂದಿಸಿ, ಆಮೇಲೆ ಮುಂದಿನ ಲೆಕ್ಕಕ್ಕೆ ಕೈಹಾಕುತ್ತಿದ್ದರು. ಗಣಕಯಂತ್ರ ಬಂದ ಮೇಲೆ ಈ ಪದ್ಧತಿ ತಾನಾಗಿಯೇ ನಡೆಯಬೇಕಾಗಿತ್ತು. ಆದರೆ ಹೇಳದೆ ಅದು ಮಾಡುವುದಿಲ್ಲ, ಹೇಳುವ ಬಗೆ ಬಹಳ ಮಂದಿಗೆ ತಿಳಿದಿಲ್ಲ.

ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಪತ್ರ ಬರೆದ ರೈತರೊಬ್ಬರು ಬೆಳೆ ಪರಿಹಾರದ ಪಟ್ಟಿಯ ಆರನೆಯ ಪುಟದ ಜೆರಾಕ್ಸ್ ಪ್ರತಿಯನ್ನು ಜೊತೆಗಿಟ್ಟಿದ್ದರು. ಅವರ ಹೆಸರು, ಸರ್ವೆ ನಂಬರು, ನಂತರ ಮೂರು ಮೊತ್ತಗಳು. ಮೇಲೆ ಏನೂ ಇಲ್ಲ. 'ಇದರಲ್ಲಿ ನನಗೆ ಮಂಜೂರಾದದ್ದು ಯಾವುದು, ಕೊಟ್ಟಿದ್ದೇವೆ ಎನ್ನುತ್ತಿರುವುದು ಯಾವುದು, ಇನ್ನೂ ಬರಬೇಕಾದುದು ಯಾವುದು, ದಯವಿಟ್ಟು ತಿಳಿಸಿ' ಎಂಬುದು ಅವರ ಪ್ರಶ್ನೆ. ಸ್ಟುಡಿಯೋಗೆ ಬಂದಿದ್ದ ಅತಿಥಿಗಳಿಗೂ ಮೊದಲ ಪುಟ ನೋಡದೆ ಉತ್ತರಿಸಲಾಗಲಿಲ್ಲ. ಪಟ್ಟಿ ಮಾಡಿದ ಕಚೇರಿ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಇಂಥ ಪುಟಗಳು ಸೂಚನಾ ಫಲಕದ ಮೇಲೆ ಎಲ್ಲೆಲ್ಲೂ ಕಾಣುತ್ತವೆ. ಪಟ್ಟಿಯನ್ನು ಪೂರ್ತಿ ಓದುವವರು ಅದನ್ನು ಸಿದ್ಧಪಡಿಸಿದವರು ಮಾತ್ರ. ಉಳಿದವರೆಲ್ಲ ತಮ್ಮ ಹೆಸರಿರುವ ಒಂದು ಹಾಳೆಯನ್ನಷ್ಟೇ ನೋಡುತ್ತಾರೆ. ಆದುದರಿಂದ ಪ್ರತಿಯೊಂದು ಹಾಳೆಯೂ ತನ್ನಷ್ಟಕ್ಕೆ ತಾನೇ ಅರ್ಥವಾಗುವಂತಿರಬೇಕು. ಕಾರ್ಯಕ್ರಮದಲ್ಲಿ ಸಮಯದ ಅಭಾವದಿಂದ ಹೇಳಲಾಗದ ಈ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಪರದೆಯ ಮೇಲೆ ಕಾಣುವ ಇಂಗ್ಲಿಷ್ ಆಜ್ಞೆಗಳನ್ನು ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಬರೆದಿದೆ.

ಮೊದಲು ಸಾಮಾನ್ಯವಾಗಿ ಅನುಸರಿಸುವ ಅಡ್ಡದಾರಿಯನ್ನು ನೋಡೋಣ. ಎರಡನೆಯ ಪುಟದ ಮೊದಲಿಗೆ ಒಂದು ಸಾಲು ಸೇರಿಸಿ ತಲೆಬರಹಗಳನ್ನು ಮತ್ತೆ ಟೈಪು ಮಾಡುವುದು. ಆ ಕ್ಷಣಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮರುದಿನ ಪಟ್ಟಿಯ ನಡುವೆ ಎರಡು ಹೆಸರು ಸೇರಿತೆನ್ನಿ, ಟೈಪು ಮಾಡಿದ ತಲೆಬರಹ ಎರಡು ಸಾಲು ಕೆಳಗೆ ಜಾರಿ ಪುಟದ ಮಧ್ಯೆ ಬಂದು ಕೂರುತ್ತದೆ. ಮುಂದಿನ ಪುಟಗಳಲ್ಲೂ ಇದೇ ಪಾಡು. ಕಾರಣ ಸರಳ. ಪದಸಂಸ್ಕರಣ ತಂತ್ರಾಂಶದ ಪಾಲಿಗೆ ಪುಟ ಎಂಬುದು ಸ್ಥಿರವಾದ ವಸ್ತುವಲ್ಲ. ಬರಹವೆಲ್ಲ ಒಂದೇ ಉದ್ದನೆಯ ಹರಿವು. ಕಾಗದದ ಅಳತೆ, ಅಂಚು, ಅಕ್ಷರದ ಗಾತ್ರಗಳನ್ನು ನೋಡಿಕೊಂಡು ಅದು ಆಗಾಗ ಹೊಸದಾಗಿ ಪುಟಗಳನ್ನು ಕತ್ತರಿಸಿಕೊಳ್ಳುತ್ತದೆ. ಎ4 ಕಾಗದ 297 ಮಿಲಿಮೀಟರ್ ಉದ್ದ. ಲೀಗಲ್ ಕಾಗದ ಸುಮಾರು 356. ಒಂದಕ್ಕೆ ಹೊಂದಿಸಿದ ಕಡತವನ್ನು ಇನ್ನೊಂದರ ಮೇಲೆ ಮುದ್ರಿಸಿದರೆ ಕೈಯಿಂದ ಮಾಡಿದ ಹೊಂದಾಣಿಕೆಯೆಲ್ಲ ವ್ಯರ್ಥ.

ಸರಿಯಾದ ವಿಧಾನವೆಂದರೆ 'ಇದು ತಲೆಸಾಲು' ಎಂದು ತಂತ್ರಾಂಶಕ್ಕೆ ಒಮ್ಮೆ ತಿಳಿಸಿಬಿಡುವುದು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮೊದಲ ಅಡ್ಡಸಾಲಿನೊಳಗೆ ಕ್ಲಿಕ್ ಮಾಡಿ. ಮೇಲಿನ ಪಟ್ಟಿಯ ಬಲತುದಿಯಲ್ಲಿ ಲೇಔಟ್ ಎಂಬ ಹೆಸರು ಕಾಣುತ್ತದೆ. ಇದೇ ಹೆಸರು ಪಟ್ಟಿಯ ನಡುವೆಯೂ ಇದೆ, ಅದು ಕಾಗದಕ್ಕೆ ಸಂಬಂಧಿಸಿದ್ದು. ನಮಗೆ ಬೇಕಾದದ್ದು ಕೋಷ್ಟಕದೊಳಗಿದ್ದಾಗ ಮಾತ್ರ ಕಾಣಿಸಿಕೊಳ್ಳುವ ಲೇಔಟ್. ಅಲ್ಲಿ ರಿಪೀಟ್ ಹೆಡರ್ ರೋಸ್ ಎಂಬುದನ್ನು ಒತ್ತಿದರೆ ಸಾಕು. ತಲೆಬರಹ ಎರಡು ಸಾಲಿನದಾಗಿದ್ದರೆ ಎರಡನ್ನೂ ಆಯ್ದುಕೊಂಡು ಒತ್ತಬೇಕು. ಆಯ್ಕೆಯಲ್ಲಿ ಮೊದಲ ಸಾಲು ಸೇರಿರಲೇಬೇಕು. ಅಲ್ಲಿಂದ ಮುಂದೆ ಪುಟ ಎಲ್ಲೇ ಕತ್ತರಿಸಲಿ, ತಲೆಸಾಲು ಅಲ್ಲಿಗೆ ಹಾಜರು. ತಿದ್ದುವುದಿದ್ದರೆ ಮೊದಲ ಪುಟದಲ್ಲಿ ತಿದ್ದಿ. ಉಳಿದವು ಅದರ ನೆರಳು ಮಾತ್ರ.

ಗುಂಡಿ ಒತ್ತಿದರೂ ತಲೆಸಾಲು ಬರಲಿಲ್ಲ ಎಂದು ಕೆಲವರು ಹೇಳುವುದುಂಟು. ಇದಕ್ಕೆ ಹೆಚ್ಚಾಗಿ ಎರಡೇ ಕಾರಣ. ಕೋಷ್ಟಕದ ನಡುವೆ ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಒತ್ತಿ ಪುಟವನ್ನು ಬಲವಂತವಾಗಿ ಮುರಿದಿದ್ದರೆ ಅಲ್ಲಿ ತಲೆಸಾಲು ಮರುಕಳಿಸುವುದಿಲ್ಲ. ತಾನಾಗಿ ಮುರಿದ ಪುಟಗಳಲ್ಲಿ ಮಾತ್ರ ಅದು ಬರುತ್ತದೆ. ಎರಡನೆಯದು, ಕೋಷ್ಟಕದ ಸುತ್ತ ಬರಹ ಹರಿಯುವಂತೆ ಹೊಂದಿಸಿರುವುದು. ಟೇಬಲ್ ಪ್ರಾಪರ್ಟೀಸ್ ತೆರೆದು ಟೆಕ್ಸ್ಟ್ ರ‍್ಯಾಪಿಂಗ್ ಎಂಬಲ್ಲಿ ನನ್ ಎಂದು ಗುರುತು ಮಾಡಿದರೆ ಸರಿಹೋಗುತ್ತದೆ.

ಇನ್ನೊಂದು ತೊಂದರೆ ನಮ್ಮ ವೃತ್ತಿಯವರಿಗೆ ನಿತ್ಯದ ಅನುಭವ. ದೂರದರ್ಶನದ ಚಿತ್ರಕಥೆಯೂ ಒಂದು ಉದ್ದನೆಯ ಕೋಷ್ಟಕವೇ: ಎಡಗಡೆ ದೃಶ್ಯ, ಬಲಗಡೆ ಧ್ವನಿ. ಓದುವವರು ಹಾಳೆಗಳಿಗೆ ಪಿನ್ನು ಹೊಡೆಯದೆ ಬಿಡಿಯಾಗಿಟ್ಟು, ಓದಿದ್ದನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸುತ್ತಾರೆ. ವಾಕ್ಯದ ಅರ್ಧ ಒಂದು ಹಾಳೆಯಲ್ಲಿ, ಉಳಿದರ್ಧ ಮತ್ತೊಂದರಲ್ಲಿ ಇದ್ದರೆ ಮಾತು ತಡವರಿಸುತ್ತದೆ, ಸಾಲದ್ದಕ್ಕೆ ಕಾಗದದ ಸರಸರ ಮೈಕಿನಲ್ಲಿ ಕೇಳುತ್ತದೆ. ವರ್ಡ್ ತಾನಾಗಿಯೇ ಅಡ್ಡಸಾಲನ್ನು ಹೀಗೆ ಎರಡು ಪುಟಕ್ಕೆ ಸೀಳುತ್ತದೆ. ತಡೆಯಬೇಕಾದರೆ ಇಡೀ ಕೋಷ್ಟಕವನ್ನು ಆಯ್ದುಕೊಂಡು, ಟೇಬಲ್ ಪ್ರಾಪರ್ಟೀಸ್‌ನಲ್ಲಿ ರೋ ಎಂಬ ಹಾಳೆಗೆ ಹೋಗಿ, ಅಲೋ ರೋ ಟು ಬ್ರೇಕ್ ಅಕ್ರಾಸ್ ಪೇಜಸ್ ಎಂಬುದರ ಮುಂದಿನ ಗುರುತನ್ನು ತೆಗೆಯಬೇಕು. ಆಗ ಸಾಲು ಹಿಡಿಸದಿದ್ದರೆ ಇಡಿಯಾಗಿ ಮುಂದಿನ ಪುಟಕ್ಕೆ ಹೋಗುತ್ತದೆ. ಹಿಂದಿನ ಪುಟದ ಅಡಿಯಲ್ಲಿ ಸ್ವಲ್ಪ ಜಾಗ ಖಾಲಿ ಬಿದ್ದರೆ ಬೀಳಲಿ. ಒಂದೇ ಸಾಲು ಪುಟಕ್ಕಿಂತ ಉದ್ದವಾಗಿದ್ದರೆ ಮಾತ್ರ ಸೀಳಲು ಬಿಡುವುದೇ ವಾಸಿ. ಅದಕ್ಕಿಂತ ಒಳ್ಳೆಯದು, ಅದನ್ನು ಎರಡು ಸಾಲಾಗಿ ಬರೆಯುವುದು.

ಕೊನೆಯಲ್ಲಿ 'ಒಟ್ಟು' ಎಂಬ ಸಾಲೊಂದೇ ಅನಾಥವಾಗಿ ಹೊಸ ಪುಟಕ್ಕೆ ಹೋಗುವುದೂ ಉಂಟು. ಅದರ ಹಿಂದಿನ ಎರಡು ಮೂರು ಸಾಲುಗಳನ್ನು ಆಯ್ದು, ಪ್ಯಾರಾಗ್ರಾಫ್ ಕಿಟಕಿಯ ಲೈನ್ ಅಂಡ್ ಪೇಜ್ ಬ್ರೇಕ್ಸ್ ಎಂಬಲ್ಲಿ ಕೀಪ್ ವಿತ್ ನೆಕ್ಸ್ಟ್ ಎಂದು ಗುರುತು ಮಾಡಿದರೆ ಅವು ಮೊತ್ತದ ಕೈಹಿಡಿದುಕೊಂಡೇ ಹೋಗುತ್ತವೆ. ಮೊತ್ತವನ್ನು ವರ್ಡ್‌ನಿಂದಲೇ ಕೂಡಿಸುವವರಿಗೆ ಒಂದು ಎಚ್ಚರಿಕೆ: ತಲೆಸಾಲಿನಲ್ಲಿ 2024 ಎಂದು ಇಸವಿ ಬರೆದಿದ್ದರೆ ಮೇಲಿನದೆಲ್ಲವನ್ನೂ ಕೂಡಿಸುವ ಸೂತ್ರ ಅದನ್ನೂ ರೂಪಾಯಿಯೆಂದೇ ತಿಳಿದು ಸೇರಿಸಿಕೊಳ್ಳಬಹುದು. ಗುಮಾಸ್ತರು ಬರೆಯುತ್ತಿದ್ದ 'ಹಿಂದಿನ ಪುಟದ ಮೊತ್ತ' ಇಲ್ಲಿ ತಾನಾಗಿ ಬರುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು. ಆ ಮಟ್ಟಿಗೆ ಅವರೇ ಮೇಲು.

ಕನ್ನಡದಲ್ಲಿ ಪಟ್ಟಿ ಮಾಡುವವರು ಗಮನಿಸಬೇಕಾದ ಸಂಗತಿ ಬೇರೊಂದಿದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಪುಟಕ್ಕೆ ಹೆಚ್ಚು ಸಾಲು ತುಂಬಿಸುವ ಆಸೆಯಿಂದ ಸಾಲಿನ ಎತ್ತರವನ್ನು ಎಕ್ಸಾಕ್ಟ್ಲಿ ಎಂದು ಬಿಗಿ ಮಾಡಿದರೆ ಒತ್ತುಗಳು ಕತ್ತರಿಸಿಹೋಗುವ ಸಂಭವವಿದೆ. 'ಚೆನ್ನಮ್ಮ' ಎಂಬುದು 'ಚೆನಮ' ಆಗಿ ಕಾಣುತ್ತದೆ. ಬ್ಯಾಂಕಿನ ಪಾಸ್‌ಪುಸ್ತಕದ ಹೆಸರಿಗೂ ಪಟ್ಟಿಯ ಹೆಸರಿಗೂ ತಾಳೆಯಾಗದಿದ್ದರೆ ಏನಾಗುತ್ತದೆಂದು ವೀಕ್ಷಕರಿಗೆ ವಿವರಿಸಬೇಕಾಗಿಲ್ಲ. ಅಟ್ ಲೀಸ್ಟ್ ಎಂದು ಆರಿಸಿದರೆ ಸಾಲು ಬೇಕಾದಷ್ಟು ಎತ್ತರ ಪಡೆಯುತ್ತದೆ.

ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ರೈಟರ್‌ನಲ್ಲಿ ಈ ಸೌಲಭ್ಯಗಳು ಟೇಬಲ್ ಪ್ರಾಪರ್ಟೀಸ್‌ನ ಟೆಕ್ಸ್ಟ್ ಫ್ಲೋ ಎಂಬ ಹಾಳೆಯಲ್ಲಿ ಒಟ್ಟಿಗೇ ಇವೆ. ರಿಪೀಟ್ ಹೆಡಿಂಗ್ ಎಂಬಲ್ಲಿ ಎಷ್ಟು ಸಾಲು ಮರುಕಳಿಸಬೇಕೆಂಬುದನ್ನೂ ಅಲ್ಲೇ ಹೇಳಬಹುದು. ಎಕ್ಸೆಲ್ ಬಳಸುವವರು ಪೇಜ್ ಲೇಔಟ್‌ನಲ್ಲಿ ಪ್ರಿಂಟ್ ಟೈಟಲ್ಸ್ ಒತ್ತಿ, ರೋಸ್ ಟು ರಿಪೀಟ್ ಅಟ್ ಟಾಪ್ ಎಂಬಲ್ಲಿ ತಲೆಸಾಲನ್ನು ತೋರಿಸಬೇಕು. ಸಾಲನ್ನು ಪರದೆಯ ಮೇಲೆ ನಿಲ್ಲಿಸುವ ಫ್ರೀಜ್ ಪೇನ್ಸ್ ಎಂಬುದು ಬೇರೆ. ಅದರಿಂದ ಮುದ್ರಣದಲ್ಲಿ ಏನೂ ಆಗದು.

ಪಟ್ಟಿಯನ್ನು ಕಣ್ಣಿನಿಂದ ಓದದವರೂ ಇದ್ದಾರೆ. ದೃಷ್ಟಿಯಿಲ್ಲದವರು ಪರದೆಯನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶದ ನೆರವು ಪಡೆಯುತ್ತಾರೆ. ತಲೆಸಾಲೆಂದು ಗುರುತಿಸಿದ ಕೋಷ್ಟಕದಲ್ಲಿ ಅದು ಮನೆಯಿಂದ ಮನೆಗೆ ಸಾಗುವಾಗ 'ಮಂಜೂರಾದ ಮೊತ್ತ' ಎಂದು ತಲೆಬರಹವನ್ನು ಹೇಳಿ ಆಮೇಲೆ ಅಂಕಿಯನ್ನು ಓದಬಲ್ಲುದು. ಪುಟಪುಟಕ್ಕೂ ಕೈಯಲ್ಲಿ ಟೈಪು ಮಾಡಿದ ತಲೆಬರಹ ಅದಕ್ಕೆ ಪಟ್ಟಿಯ ಮತ್ತೊಂದು ಹೆಸರು, ಅಷ್ಟೆ.