ನಿದ್ದೆ ಹೋದ ಡೀಸೆಲ್ ಎಂಜಿನ್ ಎದ್ದದ್ದು ಹೇಗೆ?



ಬೆಂಕಿಕಡ್ಡಿ ಇಲ್ಲದೆ, ಕಿಡಿ ಇಲ್ಲದೆ ಬೆಂಕಿ ಹೊತ್ತಿಸಬಹುದೇ? "ಸಾಧ್ಯವೇ ಇಲ್ಲ" ಎನ್ನುತ್ತೀರಾ? ಹಾಗಾದರೆ ನಿಮ್ಮೂರಿನ ಟ್ರ್ಯಾಕ್ಟರನ್ನೇ ನೋಡಿ. ಅದರ ಎಂಜಿನ್ನಿನೊಳಗೆ ಪ್ರತಿ ಸೆಕೆಂಡಿಗೂ ಹಲವು ಬಾರಿ ಬೆಂಕಿ ಹೊತ್ತಿಕೊಳ್ಳುತ್ತದೆ. ಅಲ್ಲಿ ಕಡ್ಡಿಯೂ ಇಲ್ಲ, ಕಿಡಿ ಹಾರಿಸುವ ಪ್ಲಗ್ಗೂ ಇಲ್ಲ. ಅದು ಡೀಸೆಲ್ ಎಂಜಿನ್.

ಸಿಂದಗಿ ತಾಲೂಕಿನ ಮೋರಟಗಿಯ ಹೊಲವೊಂದರಲ್ಲಿ ನಾನು ಇಂಥದೊಂದು ಹಳೆಯ ಎಂಜಿನ್ ನೋಡಿದೆ. ಹಿಂದೆ ಬಾವಿಯಿಂದ ನೀರೆತ್ತುತ್ತಿದ್ದ ಎಂಜಿನ್ ಅದು. ವಿದ್ಯುತ್ ಮೋಟಾರು ಬಂದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ದನದ ಕೊಟ್ಟಿಗೆಯ ಮೂಲೆಯಲ್ಲಿ ಜೋಳದ ಕಣಿಕೆಯ ಹಿಂದೆ ಧೂಳು ತಿನ್ನುತ್ತ ಕುಳಿತಿತ್ತು. ಆ ವರ್ಷ ಮಳೆ ಕೈಕೊಟ್ಟಿತು. ಮೆಣಸಿನ ಗಿಡ ಬಾಡತೊಡಗಿದವು. ಕೃಷಿ ಹೊಂಡದಲ್ಲಿ ನೀರಿತ್ತು, ಆದರೆ ಅಲ್ಲಿಗೆ ವಿದ್ಯುತ್ ತಂತಿ ಇರಲಿಲ್ಲ. ಆಗ ಮನೆಯವರಿಗೆ ಹಳೆಯ ಎಂಜಿನ್ ನೆನಪಾಯಿತು. ಮಿಸ್ತ್ರಿಯನ್ನು ಕರೆಸಿದರು. ಅವರು ಎಂಜಿನ್ನಿನ ಸುತ್ತ ಒಂದು ಸುತ್ತು ಬಂದು ಹೇಳಿದರು: "ಇದು ಸತ್ತಿಲ್ರಿ ಗುರುಗಳ, ಬರೇ ಉಸಿರು ಹಿಡದೈತಿ."

ಎಂಜಿನ್ನಿಗೆ ಉಸಿರು ಎಂದರೇನು? ಬನ್ನಿ, ತಿಳಿಯೋಣ.

ಮಾಡಿ ನೋಡಿ

ಸೈಕಲ್ಲಿಗೆ ಗಾಳಿ ಹಾಕುವ ಪಂಪು ತೆಗೆದುಕೊಳ್ಳಿ. ಮೊದಲು ಅದರ ಬಾಯಿ ತೆರೆದಿಟ್ಟು 20 ಸಲ ಒತ್ತಿರಿ. ಪಂಪಿನ ಕೆಳತುದಿಯನ್ನು ಮುಟ್ಟಿ ನೋಡಿ. ಆಮೇಲೆ ಟೈರಿಗೆ ಸಿಕ್ಕಿಸಿ 20 ಸಲ ಒತ್ತಿರಿ. ಮತ್ತೆ ಮುಟ್ಟಿ ನೋಡಿ. ಎರಡನೆಯ ಸಲ ಹೆಚ್ಚು ಬಿಸಿ ಅಲ್ಲವೇ? ಗಾಳಿಯನ್ನು ಬೇಗನೆ ಅದುಮಿದರೆ ಅದು ಬಿಸಿಯಾಗುತ್ತದೆ. ನಿಮ್ಮ ಕೈ ಮಾಡಿದ ಕೆಲಸವೇ ಗಾಳಿಯ ಶಾಖವಾಗಿ ಮಾರ್ಪಡುತ್ತದೆ.

ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ ಬಳಸಿಕೊಂಡದ್ದು ಇದೇ ತತ್ವವನ್ನು. ಆತ ಹುಟ್ಟಿದ್ದು 1858ರಲ್ಲಿ. ಆತನ ಎಂಜಿನ್ ಯಶಸ್ವಿಯಾಗಿ ಓಡಿದ್ದು 1897ರಲ್ಲಿ. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ದೊಡ್ಡ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಯಾವ ಎಣ್ಣೆಯಿಂದ ಓಡಿಸಿದರು ಗೊತ್ತೇ? ನಾವು ಒಗ್ಗರಣೆಗೆ ಹಾಕುವ ಶೇಂಗಾ ಎಣ್ಣೆಯಿಂದ!

ನಾಲ್ಕು ಹೊಡೆತಗಳ ಆಟ

ಎಂಜಿನ್ನಿನ ಎದೆಯೊಳಗೆ ಕೊಳವೆಯಂಥ ಒಂದು ಭಾಗವಿದೆ. ಅದೇ ಸಿಲಿಂಡರ್. ಅದರೊಳಗೆ ಮೇಲೆ ಕೆಳಗೆ ಆಡುವುದು ಪಿಸ್ಟನ್. ಮೇಲ್ಭಾಗದಲ್ಲಿ ಎರಡು ಕವಾಟಗಳಿವೆ. ಅವೇ ಎಂಜಿನ್ನಿನ ಮೂಗಿನ ಹೊಳ್ಳೆಗಳು ಎನ್ನಿ.

1. ಚೂಷಣ ಹೊಡೆತ: ಪಿಸ್ಟನ್ ಕೆಳಗೆ ಇಳಿಯುತ್ತದೆ. ಒಳಗವಾಟ ತೆರೆದು ಗಾಳಿ ಒಳಗೆ ಬರುತ್ತದೆ.

2. ಸಂಪೀಡನ ಹೊಡೆತ: ಎರಡೂ ಕವಾಟ ಮುಚ್ಚುತ್ತವೆ. ಪಿಸ್ಟನ್ ಮೇಲೇರಿ ಗಾಳಿಯನ್ನು ಅದುಮುತ್ತದೆ. ಸುಮಾರು 16ರಿಂದ 20 ಪಾಲು ಜಾಗದಲ್ಲಿದ್ದ ಗಾಳಿ ಒಂದೇ ಪಾಲಿನ ಜಾಗಕ್ಕೆ ಬಂದು ಸೇರುತ್ತದೆ. ಆಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

3. ಶಕ್ತಿ ಹೊಡೆತ: ಆ ಬಿಸಿ ಗಾಳಿಯೊಳಕ್ಕೆ ಡೀಸೆಲ್ ಮಂಜಿನಂತೆ ಚಿಮ್ಮುತ್ತದೆ. ಚಿಮ್ಮಿದ ಕೂಡಲೇ ತಾನಾಗಿಯೇ ಹೊತ್ತಿಕೊಂಡು ಪಿಸ್ಟನ್ನನ್ನು ರಭಸದಿಂದ ಕೆಳಗೆ ತಳ್ಳುತ್ತದೆ.

4. ನಿಷ್ಕಾಸ ಹೊಡೆತ: ಹೊರಗವಾಟ ತೆರೆಯುತ್ತದೆ. ಸುಟ್ಟ ಅನಿಲ ಹೊಗೆ ಕೊಳವೆಯ ಮೂಲಕ ಹೊರಬೀಳುತ್ತದೆ.

ನಾಲ್ಕರಲ್ಲಿ ದುಡಿಯುವುದು ಒಂದೇ ಹೊಡೆತ. ಉಳಿದ ಮೂರು ಹೊಡೆತಗಳನ್ನು ದಾಟಿಸಲು ಪಕ್ಕದಲ್ಲಿ ಭಾರವಾದ ಗತಿಪಾಲಕ ಚಕ್ರ ಇರುತ್ತದೆ. ಒಮ್ಮೆ ತಿರುಗತೊಡಗಿದರೆ ಜಡತ್ವದಿಂದ ತಿರುಗುತ್ತಲೇ ಇರುವುದು ಅದರ ಗುಣ.

ಒಂದು ಲೆಕ್ಕ ಮಾಡೋಣ. ಹಳೆಯ ನಿಧಾನಗತಿಯ ಎಂಜಿನ್ನುಗಳು ನಿಮಿಷಕ್ಕೆ ಸುಮಾರು 650 ಸುತ್ತು ತಿರುಗುತ್ತವೆ. ಎರಡು ಸುತ್ತಿಗೊಮ್ಮೆ ಶಕ್ತಿ ಹೊಡೆತ. ಅಂದರೆ ನಿಮಿಷಕ್ಕೆ 325, ಸೆಕೆಂಡಿಗೆ ಐದಕ್ಕೂ ಹೆಚ್ಚು. ದೂರದ ಹೊಲದಿಂದ ಕೇಳುವ "ಟಕ್ ಟಕ್ ಟಕ್" ಸದ್ದು ಇದರದೇ.

ಮಿಸ್ತ್ರಿ ಮೊದಲು ಮಾಡಿದ್ದೇನು?

ಮಿಸ್ತ್ರಿ ಬಂದವರೇ ಎಂಜಿನ್ ಚಾಲೂ ಮಾಡಲಿಲ್ಲ. ಚಕ್ರ ತಿರುಗುವುದೇ ಎಂದು ನೋಡಿದರು. ಅದು ಅಲುಗಾಡಲಿಲ್ಲ. ಪಿಸ್ಟನ್ನಿನ ಸುತ್ತ ಲೋಹದ ಉಂಗುರಗಳಿರುತ್ತವೆ. ಗಾಳಿ ಸೋರದಂತೆ ತಡೆಯುವುದು ಅವುಗಳ ಕೆಲಸ. ವರ್ಷಗಟ್ಟಲೆ ತೇವ ತಾಗಿ ಅವು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡಿದ್ದವು. ಮನೆಯ ಹುಡುಗ ದೊಡ್ಡ ಸುತ್ತಿಗೆ ತಂದ. ಮಿಸ್ತ್ರಿ ಅದನ್ನು ಕಸಿದು ಬದಿಗಿಟ್ಟರು. ಎರಕದ ಕಬ್ಬಿಣ ಗಟ್ಟಿಯಾದರೂ ಹೊಡೆತಕ್ಕೆ ಒಡೆಯುತ್ತದೆ. ಸಿಲಿಂಡರಿನೊಳಗೆ ಡೀಸೆಲ್ಲೂ ಎಂಜಿನ್ ಎಣ್ಣೆಯೂ ಬೆರೆಸಿ ಸುರಿದು ಮೂರು ದಿನ ಬಿಟ್ಟರು. ಎಣ್ಣೆ ಸಣ್ಣ ಸಂದುಗಳಲ್ಲಿ ಇಳಿದು ತುಕ್ಕನ್ನು ಸಡಿಲಿಸಿತು. ನಾಲ್ಕನೆಯ ದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿದಾಗ ಬಿಡಿಸಿಕೊಂಡಿತು.

ಆಮೇಲೆ ಬಿಚ್ಚಿ ನೋಡಿದರು. ಸವೆದ ಉಂಗುರಗಳನ್ನು ಬದಲಿಸಿದರು. ಕವಾಟಗಳನ್ನು ಉಜ್ಜಿ ಸರಿಯಾಗಿ ಕೂರುವಂತೆ ಮಾಡಿದರು. ಏಕೆಂದರೆ ಅದುಮುವಾಗ ಗಾಳಿ ಸೋರಿದರೆ ಸಾಕಷ್ಟು ಬಿಸಿಯಾಗದು. ಬಿಸಿಯಾಗದಿದ್ದರೆ ಡೀಸೆಲ್ ಹೊತ್ತದು. ಮಿಸ್ತ್ರಿ ಹೇಳಿದ "ಉಸಿರು" ಇದೇ!

ಟ್ಯಾಂಕಿನ ತಳದಲ್ಲಿ ನೀರು

ಮುಂದಿನ ಸರದಿ ಡೀಸೆಲ್ ಟ್ಯಾಂಕಿನದು. ತಳದ ತಿರುಪು ಬಿಚ್ಚಿದಾಗ ಮೊದಲು ಬಂದದ್ದು ಡೀಸೆಲ್ ಅಲ್ಲ, ಕೆಂಪು ನೀರು! ಅರ್ಧ ಖಾಲಿಯಾದ ಟ್ಯಾಂಕಿನೊಳಗಿನ ಗಾಳಿಯಲ್ಲಿ ನೀರಾವಿ ಇರುತ್ತದೆ. ರಾತ್ರಿ ತಂಪಾದಾಗ ಅದು ಹನಿಯಾಗಿ ಗೋಡೆಗೆ ಅಂಟಿ ಕೆಳಗಿಳಿಯುತ್ತದೆ. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗಿದರೆ ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಹಾಗಾಗಿ ನೀರು ತಳ ಸೇರುತ್ತದೆ. ಗಾಜಿನ ಲೋಟದಲ್ಲಿ ನೀರು ಮತ್ತು ಅಡುಗೆ ಎಣ್ಣೆ ಬೆರೆಸಿಟ್ಟು ಇದನ್ನು ನೀವೇ ನೋಡಬಹುದು.

ಟ್ಯಾಂಕು ತೊಳೆದು, ಸೋಸುಕ ಬದಲಿಸಿ, ಹೊಸ ಡೀಸೆಲ್ ಹಾಕಿದರು. ಆದರೂ ಎಂಜಿನ್ ಏಳಲಿಲ್ಲ. ಏಕೆ? ಕೊಳವೆಯೊಳಗೆ ಗಾಳಿ ಸೇರಿತ್ತು.

ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ನೀರು ತುಂಬಿ, ಬೆರಳಿನಿಂದ ಬಾಯಿ ಮುಚ್ಚಿ ಒತ್ತಿ ನೋಡಿ. ಅದು ಜಗ್ಗುವುದಿಲ್ಲ. ಈಗ ಬರೀ ಗಾಳಿ ತುಂಬಿ ಒತ್ತಿ ನೋಡಿ. ಸ್ಪ್ರಿಂಗಿನಂತೆ ಒಳಗೆ ಹೋಗಿ ಹಿಂದೆ ಬರುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ತೆರೆಯಲು ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡ ಬೇಕು. ನಡುವೆ ಗಾಳಿಗುಳ್ಳೆ ಇದ್ದರೆ ಪಂಪಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿಯುತ್ತದೆ. ಮಿಸ್ತ್ರಿ ಕೊಳವೆಯ ತಿರುಪು ಸಡಿಲಿಸಿ, ಗುಳ್ಳೆಗಳು ನಿಂತು ಬರೀ ಡೀಸೆಲ್ ಬರುವವರೆಗೆ ಹರಿಯಬಿಟ್ಟರು.

ಎಚ್ಚರಿಕೆ: ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲ್ಲಿಗೆ ಎಂದೂ ಕೈ ಒಡ್ಡಬಾರದು. ಅದು ಚರ್ಮವನ್ನೇ ಸೀಳಿ ಒಳಹೊಗುತ್ತದೆ.

ಇನ್ನೊಂದು ಕೆಲಸವಿತ್ತು. ಎಂಜಿನ್ ತಂಪಾಗಿರಲು ಸಿಲಿಂಡರಿನ ಸುತ್ತ ನೀರು ಹರಿಯುವ ಜಾಗವಿದೆ. ನಮ್ಮ ಭಾಗದ ಬಹಳಷ್ಟು ಬಾವಿಗಳ ನೀರು ಗಡಸು. ನಿಮ್ಮ ಮನೆಯ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರು ಕಟ್ಟುವುದಿಲ್ಲವೇ? ಅದೇ ಪದರು ಇಲ್ಲಿಯೂ ಕಟ್ಟಿತ್ತು. ಅದು ಶಾಖವನ್ನು ಸರಿಯಾಗಿ ಬಿಟ್ಟುಕೊಡುವುದಿಲ್ಲ. ಕೆರೆದು ತೆಗೆಯದಿದ್ದರೆ ಎಂಜಿನ್ ಕಾದು ಕೆಡುತ್ತಿತ್ತು.

ಕೊನೆಗೆ ಹೊಸ ಎಂಜಿನ್ ಎಣ್ಣೆ ಹಾಕಿದರು. ತಲೆಯ ಮೇಲಿನ ಸಣ್ಣ ಸನ್ನೆಯನ್ನು ಎತ್ತಿ ಕವಾಟ ತೆರೆದಿಟ್ಟರು. ಆಗ ಗಾಳಿ ಅದುಮಬೇಕಿಲ್ಲ, ಚಕ್ರ ಹಗುರಾಗಿ ತಿರುಗುತ್ತದೆ. ಹ್ಯಾಂಡಲ್ ಹಾಕಿ ಜೋರಾಗಿ ತಿರುಗಿಸಿ, ವೇಗ ಬಂದೊಡನೆ ಸನ್ನೆ ಬಿಟ್ಟರು. ಒಂದು ಕೆಮ್ಮು. ಎರಡು ಕೆಮ್ಮು. ಮೊದಲು ಬಿಳಿ ಹೊಗೆ. ಆಮೇಲೆ "ಟಕ್ ಟಕ್ ಟಕ್!"

ಹೊಗೆ ನೋಡಿ ರೋಗ ಹೇಳುವುದು

ವೈದ್ಯರು ನಾಲಿಗೆ ನೋಡುವಂತೆ ಮಿಸ್ತ್ರಿ ಹೊಗೆ ನೋಡುತ್ತಾರೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆಯೂ ಸುಡುತ್ತಿದೆ, ಉಂಗುರಗಳು ಸವೆದಿರಬಹುದು. ಬಿಳಿ ಹೊಗೆ ಎಂದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ ಅಥವಾ ಒಳಗೆ ನೀರು ಸೇರಿದೆ. ಎಂಜಿನ್ ತಣ್ಣಗಿರುವಾಗ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ.

ಹೊಲದಿಂದ ನೀರಿನ ಮೇಲಕ್ಕೆ

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ತಯಾರಿಸಿದರು. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಇಂಥ ಎಂಜಿನ್ನುಗಳು ನಮ್ಮ ಹೊಲಗಳಿಗೆ ನೀರು ತಂದವು.

ಇದೇ ತತ್ವದ ಎಂಜಿನ್ ದೋಣಿಯನ್ನೂ ಓಡಿಸುತ್ತದೆ. ಮಲ್ಪೆ, ಮಂಗಳೂರು, ಕಾರವಾರದ ಮೀನುಗಾರಿಕೆ ದೋಣಿಗಳಲ್ಲಿ ಡೀಸೆಲ್ ಎಂಜಿನ್ನುಗಳಿವೆ. ಶರಾವತಿಯ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುವವರನ್ನು ಲಾಂಚುಗಳು ಬಹಳ ವರ್ಷ ದಾಟಿಸಿದವು. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ದೋಣಿಯಲ್ಲಿ ಎಂಜಿನ್ ತಿರುಗಿಸುವುದು ಪಂಪನ್ನಲ್ಲ, ನೀರನ್ನು ಹಿಂದಕ್ಕೆ ತಳ್ಳುವ ರೆಕ್ಕೆಚಕ್ರವನ್ನು.

ಕೋಣೆಯಿರುವ ಹಳೆಯ ದೋಣಿಯ ಎಂಜಿನ್ನನ್ನು ಎಬ್ಬಿಸುವವರೂ ಮೋರಟಗಿಯ ಮಿಸ್ತ್ರಿ ಮಾಡಿದ್ದನ್ನೇ ಮಾಡುತ್ತಾರೆ. ಸಮುದ್ರದಲ್ಲಿ ಒಂದು ತೊಂದರೆ ಹೆಚ್ಚು, ಉಪ್ಪುನೀರು ಲೋಹವನ್ನು ಬೇಗ ತಿನ್ನುತ್ತದೆ. ಅದಕ್ಕಾಗಿ ಹಲವು ದೋಣಿಗಳಲ್ಲಿ ಎಂಜಿನ್ನಿನೊಳಗೆ ಸಿಹಿನೀರು ಸುತ್ತುತ್ತದೆ. ಉಪ್ಪುನೀರು ಬೇರೆ ಕೊಳವೆಯಲ್ಲಿ ಹರಿದು ಅದನ್ನು ತಂಪು ಮಾಡುತ್ತದೆ. ಜೊತೆಗೆ ಸತುವಿನ ತುಂಡೊಂದನ್ನು ಜೋಡಿಸುತ್ತಾರೆ. ತುಕ್ಕು ಮೊದಲು ಸತುವನ್ನು ತಿನ್ನುತ್ತದೆ, ಬೇರೆ ಲೋಹ ಉಳಿಯುತ್ತದೆ. ಸತು ಕರಗಿದಂತೆ ಹೊಸದು ಹಾಕುತ್ತಾರೆ.

ಬಾವಿಯೊಳಗಿನ ಕಾಣದ ವಿಷ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಎಂಜಿನ್ ಎದ್ದ ಖುಷಿಯಲ್ಲಿ ಹುಡುಗ ಕೇಳಿದ: "ಮೊದಲಿನಂಗ ಬಾವ್ಯಾಗ ಇಳಿಸೂಣೇನ್ರಿ?"

ಹಿಂದೆ ಎಂಜಿನ್ನನ್ನು ಬಾವಿಯ ಅರ್ಧಕ್ಕೆ, ಕಲ್ಲಿನ ಕಟ್ಟೆಯ ಮೇಲೆ ಇಳಿಸುತ್ತಿದ್ದರು. ಅದಕ್ಕೆ ಕಾರಣವಿತ್ತು. ಪಂಪು ನೀರನ್ನು "ಎಳೆಯುವುದಿಲ್ಲ". ಅದು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ, ಹೊರಗಿನ ವಾತಾವರಣದ ಒತ್ತಡ ನೀರನ್ನು ಮೇಲೆ ತಳ್ಳುತ್ತದೆ. ಈ ಒತ್ತಡ ನೀರನ್ನು ಹೆಚ್ಚೆಂದರೆ ಸುಮಾರು 10 ಮೀಟರ್ ಎತ್ತಬಲ್ಲದು. ನಿಜವಾದ ಪಂಪಿನಲ್ಲಿ 6–7 ಮೀಟರ್ ಸಿಕ್ಕರೆ ಹೆಚ್ಚು. ನೀರು ಆಳಕ್ಕೆ ಹೋದಂತೆ ಎಂಜಿನ್ನೂ ಕೆಳಗಿಳಿಯಬೇಕಾಗುತ್ತಿತ್ತು.

ಆದರೆ ಎಂಜಿನ್ ಬಿಡುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಾವಿಯೊಳಗೆ ಗಾಳಿಯಾಡುವುದಿಲ್ಲ. ಹೊಗೆ ಅಲ್ಲೇ ನಿಲ್ಲುತ್ತದೆ, ಆಮ್ಲಜನಕವೂ ಕಡಿಮೆಯಾಗುತ್ತದೆ. ಇಳಿದವರಿಗೆ ತಲೆನೋವು, ತಲೆಸುತ್ತು, ಆಮೇಲೆ ಎಚ್ಚರ ತಪ್ಪುತ್ತದೆ. ಅವರನ್ನು ಎತ್ತಲು ಇನ್ನೊಬ್ಬರು ಇಳಿಯುತ್ತಾರೆ. ಅವರೂ ಮೇಲೆ ಬರುವುದಿಲ್ಲ. ಮುಚ್ಚಿದ ಕೋಣೆಯಿರುವ ದೋಣಿಯಲ್ಲೂ ಹೊಗೆ ಕೊಳವೆ ತೂತಾಗಿದ್ದರೆ ಇದೇ ಅಪಾಯ.

"ದೀಪ ಇಳಿಸಿ ನೋಡಿದರಾಯಿತು" ಎನ್ನುವವರಿದ್ದಾರೆ. ಸಾಲದು ಮಕ್ಕಳೇ! ದೀಪ ಆರಿದರೆ ಆಮ್ಲಜನಕ ಕಡಿಮೆ ಎಂದು ತಿಳಿಯಬಹುದು. ಆದರೆ ಮನುಷ್ಯನನ್ನು ಕೊಲ್ಲುವಷ್ಟು ಕಾರ್ಬನ್ ಮೊನಾಕ್ಸೈಡ್ ಇದ್ದರೂ ದೀಪ ಚೆನ್ನಾಗಿಯೇ ಉರಿಯುತ್ತಿರಬಹುದು.

ಮಿಸ್ತ್ರಿ ಖಡಾಖಂಡಿತವಾಗಿ ಹೇಳಿದರು: "ಬಾವ್ಯಾಗ ಬ್ಯಾಡ." ಎಂಜಿನ್ನನ್ನು ಬಯಲಿನಲ್ಲಿ, ಕೃಷಿ ಹೊಂಡದ ದಂಡೆಯ ಮೇಲೆ ಇಟ್ಟರು. ಹೊಂಡ ಆಳವಿಲ್ಲ, ಆದ್ದರಿಂದ ನೀರು ಸುಲಭವಾಗಿ ಮೇಲೆ ಬಂತು. ಹೊಗೆ ಗಾಳಿಗೆ ಹಾರಿಹೋಯಿತು. ಸಂಜೆಯ ಹೊತ್ತಿಗೆ ಮೆಣಸಿನ ಸಾಲುಗಳಲ್ಲಿ ನೀರು ಹರಿಯುತ್ತಿತ್ತು.

ನೆನಪಿಡಿ

* ಎಂಜಿನ್ ಓಡುತ್ತಿರುವ ಅಥವಾ ಈಗಷ್ಟೇ ನಿಂತ ಬಾವಿಗೆ ಯಾರೂ ಇಳಿಯಬಾರದು.
* ಬಾವಿಯೊಳಗೆ ಯಾರಾದರೂ ಎಚ್ಚರ ತಪ್ಪಿದರೆ ನೀವು ಇಳಿಯಬೇಡಿ. ಕೂಗಿ ಹಿರಿಯರನ್ನು ಕರೆಯಿರಿ. 112 ಅಥವಾ 108ಕ್ಕೆ ಫೋನ್ ಮಾಡಿಸಿ.
* ತಿರುಗುವ ಚಕ್ರ ಮತ್ತು ಪಟ್ಟಿಯ ಬಳಿ ಲಂಗ, ವೇಲು, ಟವೆಲ್ ಹಾರಾಡದಿರಲಿ.

ಯೋಚಿಸಿ, ಉತ್ತರಿಸಿ

1. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಬೇಕು, ಡೀಸೆಲ್ ಎಂಜಿನ್ನಿಗೆ ಬೇಡ. ಏಕೆ?
2. ನಿಮಿಷಕ್ಕೆ 1500 ಸುತ್ತು ತಿರುಗುವ ಒಂದು ಸಿಲಿಂಡರಿನ ಎಂಜಿನ್ನಿನಲ್ಲಿ ಸೆಕೆಂಡಿಗೆ ಎಷ್ಟು ಶಕ್ತಿ ಹೊಡೆತ?
3. ನಿಮ್ಮೂರಿನಲ್ಲಿ ಹಳೆಯ ಎಂಜಿನ್ ಇದೆಯೇ? ಅದು ಎಲ್ಲಿ ನಿಂತು ಕೆಲಸ ಮಾಡುತ್ತಿತ್ತು? ಅಜ್ಜ, ಅಜ್ಜಿಯನ್ನು ಕೇಳಿ ಬರೆಯಿರಿ. ಬಾವಿಯ ಹೊಗೆಯ ವಿಷಯವನ್ನು ಅವರಿಗೂ ಇಂದೇ ತಿಳಿಸಿ.