ಏಕಾದಶಿ ಯಾರಿಗೂ ಕಾಯುವುದಿಲ್ಲ

ಹಿಂದಿನ ಕಾಲದಲ್ಲಿ ಕಾಲ್ನಡೆಯ ಯಾತ್ರೆಗೆ ಹೊರಡುವವನು ಬಂಧುಬಳಗದವರನ್ನೆಲ್ಲ ಬೀಳ್ಕೊಂಡು, ಮರಳಿ ಬಂದರೆ ದೇವರ ದಯೆ ಎಂದುಕೊಂಡು ಮನೆ ಬಿಡುತ್ತಿದ್ದ. ಇಂದಿನ ಯಾತ್ರಿಕನಿಗೆ ಆ ನಿಶ್ಚಿಂತೆ ಇಲ್ಲ. ಅವನು ಮರಳಿ ಬರಲೇಬೇಕು. ಅದೂ ಸೋಮವಾರ ಬೆಳಗ್ಗೆ ಹತ್ತು ಗಂಟೆಯೊಳಗಾಗಿ ಬರಬೇಕು! ಕಚೇರಿಯ ಹಾಜರಿ, ಮಕ್ಕಳ ಶಾಲೆ, ಹೊಲದ ಬಿತ್ತನೆ ಇವೆಲ್ಲ ಒಂದು ಕಡೆ. ಸುಮಾರು 250 ಕಿಲೋಮೀಟರು ದಾರಿ ಇನ್ನೊಂದು ಕಡೆ. ಇವೆರಡರ ನಡುವೆ, ಯಾರ ಅನುಕೂಲವನ್ನೂ ವಿಚಾರಿಸದೆ ಬಂದು ನಿಲ್ಲುವ ಒಂದು ತಿಥಿ.

ಆ ತಿಥಿ ಆಷಾಢ ಶುದ್ಧ ಏಕಾದಶಿ; ನಮ್ಮಲ್ಲಿ ಪ್ರಥಮೈಕಾದಶಿ ಎಂದು ಹೆಸರಾದುದು. ಆ ದಾರಿ ಆಳಂದಿಯಿಂದ ಪಂಢರಪುರಕ್ಕೆ ಹೋಗುವ ವಾರಕರಿಗಳ ದಾರಿ. ಜ್ಞಾನೇಶ್ವರರ ಪಾದುಕೆಗಳನ್ನು ಹೊತ್ತ ಪಲ್ಲಕ್ಕಿ ಆಳಂದಿಯಿಂದಲೂ, ತುಕಾರಾಮರ ಪಾದುಕೆಗಳ ಪಲ್ಲಕ್ಕಿ ದೇಹೂವಿನಿಂದಲೂ ಹೊರಟು, ಲಕ್ಷಾಂತರ ಜನರೊಡನೆ ಭೀಮಾ ತೀರದ ವಿಠಲನ ಬಳಿಗೆ ಬರುತ್ತವೆ. ಊರು ಸುತ್ತುವರಿದು ಹರಿಯುವ ನದಿಗೆ ಅಲ್ಲಿ ಚಂದ್ರಭಾಗೆಯೆಂದು ಹೆಸರು. ಈ ವಿಠಲ ಕನ್ನಡಿಗರಿಗೆ ಪರಕೀಯನಲ್ಲ. ಜ್ಞಾನೇಶ್ವರರೇ ಅವನನ್ನು ‘ಕಾನಡಾ’ ಎಂದು ಕರೆದರು. ಹೊಯ್ಸಳ ಸೋಮೇಶ್ವರನ 1237ರ ಶಾಸನವೊಂದು ಪಂಢರಪುರದಲ್ಲಿದೆ. ಉತ್ತರ ಕರ್ನಾಟಕದಿಂದ ಇಂದಿಗೂ ಸಾವಿರಾರು ಮಂದಿ ತಾಳ ಹಿಡಿದು ಅತ್ತ ನಡೆಯುತ್ತಾರೆ.

ತುದಿಯಿಂದ ಮೊದಲಿಗೆ

ಉಳಿದ ಪ್ರಯಾಣಗಳನ್ನು ನಾವು ಹೊರಡುವ ದಿನದಿಂದ ಎಣಿಸುತ್ತೇವೆ. ವಾರಿಯನ್ನು ಸೇರುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಏಕಾದಶಿಯ ಹಿಂದಿನ ದಿನ, ದಶಮಿಯಂದು, ಪಲ್ಲಕ್ಕಿಗಳು ಪಂಢರಪುರದಲ್ಲಿರಬೇಕು. ಇದಕ್ಕಾಗಿ ದೇಹೂವಿನ ಪಲ್ಲಕ್ಕಿ ಜ್ಯೇಷ್ಠ ಬಹುಳ ಸಪ್ತಮಿಯಂದೂ ಆಳಂದಿಯದು ಅಷ್ಟಮಿಯಂದೂ ಏಳುತ್ತವೆ. ನಡುವೆ ಇರುವುದು ಎರಡೂವರೆ ವಾರಗಳಷ್ಟೆ.

ಆದರೆ ತಿಥಿಗೂ ತಾರೀಖಿಗೂ ಹೊಂದಿಕೆಯಿಲ್ಲ. ಏಕಾದಶಿ 2023ರಲ್ಲಿ ಜೂನ್ 29ರಂದು, 2024ರಲ್ಲಿ ಜುಲೈ 17ರಂದು, 2025ರಲ್ಲಿ ಜುಲೈ 6ರಂದು ಬಂದಿತು. ಕ್ಷಯ ತಿಥಿ, ವೃದ್ಧಿ ತಿಥಿಗಳಿಂದ ಒಂದು ವರ್ಷಕ್ಕೂ ಇನ್ನೊಂದಕ್ಕೂ ಒಂದೆರಡು ದಿನಗಳ ವ್ಯತ್ಯಾಸವೂ ಬೀಳುತ್ತದೆ. 2024ರಲ್ಲಿ ಆಳಂದಿಯಿಂದ ಜೂನ್ 29ರಂದು ಹೊರಟ ಪಲ್ಲಕ್ಕಿಗೆ ಪಂಢರಪುರ ಸೇರಲು ಹೊರಟ ದಿನವೂ ಸೇರಿ 18 ದಿನಗಳಿದ್ದವು. 2025ರಲ್ಲಿ ಜೂನ್ 19ರಂದು ಹೊರಟಾಗ 17 ದಿನಗಳೇ. ದಾರಿಯನ್ನು ಕುಗ್ಗಿಸುವಂತಿಲ್ಲ, ಕುಗ್ಗಬೇಕಾದುದು ವಿಶ್ರಾಂತಿ. ಪುಣೆಯಲ್ಲಿ ಎರಡು ರಾತ್ರಿ, ಸಾಸವಡದಲ್ಲಿ ಎರಡು ರಾತ್ರಿ ತಂಗುವುದು ವಾಡಿಕೆ. ಮಿಕ್ಕ ಒಂದು ದಿನ ದೊರೆತರೆ ಲೋಣಂದದಲ್ಲಿ ಇನ್ನೊಂದು ರಾತ್ರಿ; ದೊರೆಯದಿದ್ದರೆ ಮರುದಿನವೇ ಮುಂದಿನ ಊರು.

ಇಷ್ಟು ದೊಡ್ಡ ಜನಸಾಗರ ಇಷ್ಟು ಬಿಗಿಯಾದ ದಿನಗಣನೆಯಲ್ಲಿ ನಡೆಯುವುದು ಕಾಕತಾಳೀಯವಲ್ಲ. ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಕರೆದೊಯ್ಯುವ ಪದ್ಧತಿಯನ್ನು 1685ರಲ್ಲಿ ತುಕಾರಾಮರ ಮಗ ನಾರಾಯಣ ಮಹಾರಾಜರು ಆರಂಭಿಸಿದರು. ಆಳಂದಿಯ ಯಾತ್ರೆಗೆ ಇಂದಿನ ಶಿಸ್ತನ್ನು ತಂದುಕೊಟ್ಟವರು 19ನೆಯ ಶತಮಾನದ ಪೂರ್ವಾರ್ಧದ ಹೈಬತರಾವ ಬಾಬಾ ಅರಫಳಕರರು. ಅವರು ಸರದಾರರ ದಂಡಿನ ರೀತಿನೀತಿಗಳನ್ನು ಬಲ್ಲವರು. ಆದುದರಿಂದಲೇ ಈ ಭಕ್ತರ ದಂಡಿಗೂ ಕುದುರೆ, ಡೇರೆ, ಬೆಳ್ಳಿಯ ಕೋಲು ಹಿಡಿದ ಚೋಪದಾರರು ಎಲ್ಲವೂ ಒದಗಿದವು.

ಆ ಕುದುರೆಗಳು ಬರುವುದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಅಂಕಲಿಯಿಂದ. ಅಲ್ಲಿಯ ಶಿತೋಳೆ ಸರದಾರರ ಮನೆತನಕ್ಕೆ ಸೇರಿದ ಸೇವೆ ಅದು. ಒಂದು ಕುದುರೆಯ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಬೆನ್ನು ಬರಿದು. ಅದರ ಮೇಲೆ ಸ್ವಯಂ ಜ್ಞಾನೇಶ್ವರರೇ ಆರೂಢರಾಗಿದ್ದಾರೆಂದು ಭಕ್ತರ ನಂಬುಗೆ. ಲಾರಿಯಲ್ಲಿ ಸಾಗಿಸಿದರೆ ಒಂದೇ ದಿನದಲ್ಲಿ ಮುಗಿಯುವ ಕೆಲಸ. ಆದರೆ ಅಂಕಲಿಯ ಕುದುರೆಗಳು ಹತ್ತು ಹನ್ನೊಂದು ದಿನಗಳ ಮುಂಚೆಯೇ ಹೊರಟು, ಸುಮಾರು 300 ಕಿಲೋಮೀಟರು ನಡೆದು ಆಳಂದಿ ಸೇರುತ್ತವೆ. ಯಾತ್ರೆ ಆರಂಭವಾಗುವ ಮೊದಲೇ ಕನ್ನಡ ನಾಡಿನಲ್ಲಿ ಒಂದು ಯಾತ್ರೆ ನಡೆದಿರುತ್ತದೆ.

ಒಂದು ದಿನದ ಕಟ್ಟು

ಹೊಸಬನು ಸಾಮಾನ್ಯವಾಗಿ ಒಂದು ತಪ್ಪು ಲೆಕ್ಕ ಹಾಕುತ್ತಾನೆ: ‘250 ಕಿಲೋಮೀಟರು, ದಿನಕ್ಕೆ 25ರಂತೆ ನಡೆದರೆ ಹತ್ತು ದಿನ ಸಾಕು.’ ಗಣಿತ ಸರಿ. ಆದರೆ ಅದು ವಾರಿಯಲ್ಲ, ರಸ್ತೆಯಲ್ಲಿ ಒಂಟಿಯಾಗಿ ನಡೆಯುವ ಕೆಲಸ. ವಾರಿಯಲ್ಲಿ ನಡೆಯುವುದು ಮನುಷ್ಯನಲ್ಲ, ದಿಂಡಿ. ವೀಣೆ ಹಿಡಿದವನೊಬ್ಬ, ಮೃದಂಗದವನೊಬ್ಬ, ತಾಳದವರು, ಪತಾಕೆಯವರು, ತಲೆಯ ಮೇಲೆ ತುಳಸಿಯನ್ನೂ ನೀರಿನ ಕೊಡವನ್ನೂ ಹೊತ್ತ ಹೆಂಗಸರು ಇವರೆಲ್ಲ ಕೂಡಿದ ತಂಡವೇ ದಿಂಡಿ. ಪ್ರತಿ ದಿಂಡಿಗೂ ಒಂದು ಸಂಖ್ಯೆ, ಒಂದು ಸ್ಥಾನ. ಪಲ್ಲಕ್ಕಿಯ ರಥದ ಮುಂದೆ 27 ದಿಂಡಿಗಳು, ಉಳಿದವು ಹಿಂದೆ. ಮುಂದಿನವರನ್ನು ದಾಟಿ ಹೋಗಕೂಡದು; ಹಿಂದೆ ಬಿದ್ದು ಸಾಲು ಕೆಡಿಸಲೂಕೂಡದು.

ಬೆಳಗಿನ ಜಾವ ಎದ್ದು, ಸ್ನಾನ ಮುಗಿಸಿ, ಆರು ಗಂಟೆಯ ಹೊತ್ತಿಗೆ ದಾರಿ ಹಿಡಿಯಬೇಕು. ಅಷ್ಟರಲ್ಲಿ ದಿಂಡಿಯ ಲಾರಿ ಡೇರೆ, ಗಂಟುಮೂಟೆ, ಪಾತ್ರೆಗಳನ್ನು ಹೇರಿಕೊಂಡು ಮುಂದಿನ ತಾಣಕ್ಕೆ ಹೋಗಿರುತ್ತದೆ. ಮಧ್ಯಾಹ್ನದ ಊಟ ಎಲ್ಲಿ, ರಾತ್ರಿಯ ಹಾಸಿಗೆ ಎಲ್ಲಿ ಎಂಬುದೆಲ್ಲ ಮೊದಲೇ ನಿಶ್ಚಿತ. ತನ್ನ ಇಷ್ಟದಂತೆ ಮುಂದೆ ಓಡಿದವನಿಗೆ ಅನ್ನವೂ ಇಲ್ಲ, ಸೂರೂ ಇಲ್ಲ.

ಸಂಜೆ ಪಲ್ಲಕ್ಕಿ ಬಿಡಾರ ಸೇರಿದಾಗ ನಡೆಯುವ ಸಮಾಜ ಆರತಿಯನ್ನು ಕಂಡವರು ಮರೆಯಲಾರರು. ದಿಂಡಿಗಳು ಸುತ್ತುಗಟ್ಟಿ ನಿಂತಿರುತ್ತವೆ. ತಾಳ ಮೃದಂಗಗಳ ಘೋಷ ಮುಗಿಲು ಮುಟ್ಟಿರುತ್ತದೆ. ಚೋಪದಾರನು ಕೋಲನ್ನು ಮೇಲೆತ್ತುತ್ತಾನೆ. ಒಡನೆಯೇ ಅಷ್ಟು ದೊಡ್ಡ ಬಯಲು ಸ್ತಬ್ಧವಾಗುತ್ತದೆ. ಯಾವುದಾದರೊಂದು ದಿಂಡಿ ಆಗಲೂ ತಾಳ ಬಾರಿಸುತ್ತಿದ್ದರೆ, ಅದಕ್ಕೇನೋ ದೂರಿದೆಯೆಂದು ಅರ್ಥ. ನೀರು ಬರಲಿಲ್ಲವೋ, ಸಾಲಿನಲ್ಲಿ ಸ್ಥಾನ ತಪ್ಪಿತೋ, ಚೋಪದಾರನು ಹೋಗಿ ವಿಚಾರಿಸಿ ಸಮಾಧಾನಪಡಿಸುತ್ತಾನೆ, ತಾಳ ನಿಲ್ಲುತ್ತದೆ. ಕಳೆದುಹೋದ, ಸಿಕ್ಕಿದ ವಸ್ತುಗಳನ್ನು ಕೂಗಿ ಹೇಳಿ, ಮರುದಿನ ಹೊರಡುವ ವೇಳೆಯನ್ನು ಸಾರಿದ ಮೇಲೆ ಆರತಿ. ಅಂದಿನ ಜಗಳ ಅಂದೇ ತೀರಬೇಕು. ನಾಳೆಯ ದಾರಿಗೆ ಅದನ್ನು ಹೊತ್ತೊಯ್ಯಲು ಬಿಡುವಿಲ್ಲ.

ಬಿತ್ತನೆಯೋ ಬಿಡಾರವೋ

ರಜೆಯ ಅಡಚಣೆ ಕಚೇರಿಯವರದು ಮಾತ್ರವೆಂದು ತಿಳಿಯಬಾರದು. ವಾರಕರಿಗಳಲ್ಲಿ ಬಹುಮಂದಿ ರೈತರು. ಅವರ ರಜೆಯನ್ನು ಮಂಜೂರು ಮಾಡುವವನು ಮಳೆರಾಯ. ಮೃಗಶಿರ ಮಳೆ ಜೂನ್ ಮೊದಲ ವಾರದ ಕೊನೆಗೆ ಹುಟ್ಟುತ್ತದೆ. ಅದು ಹದವಾಗಿ ಸುರಿದು, ಬಿತ್ತನೆ ಮುಗಿದರೆ ರೈತನಿಗೆ ಕೆಲವು ದಿನ ಬಿಡುವು. ಆ ಬಿಡುವೇ ವಾರಿ. ಏಕಾದಶಿ ಮುಗಿಸಿ ಬರುವಷ್ಟರಲ್ಲಿ ಮೊಳಕೆಯೊಡೆದ ಹೊಲ ಕಳೆ ತೆಗೆಯಲು ಕಾದಿರುತ್ತದೆ.

ಪಂಚಾಂಗವೂ ಮುಗಿಲೂ ಒಪ್ಪದ ವರ್ಷ ಏನು ಗತಿ? 2023ರಲ್ಲಿ ಹಾಗೆಯೇ ಆಯಿತು. ಪಲ್ಲಕ್ಕಿ ಜೂನ್ 11ರಷ್ಟು ಬೇಗ ಆಳಂದಿ ಬಿಟ್ಟಿತು. ಮುಂಗಾರು ಕೊಂಕಣದ ದಕ್ಷಿಣ ಭಾಗ ತಲುಪಿ ಅಲ್ಲಿಯೇ ತಡೆಯಿತು. ಮುಂಬಯಿಯನ್ನು ಮುಟ್ಟಿದ್ದು ಜೂನ್ 25ರಂದು. ಏಕಾದಶಿಗೆ ಉಳಿದಿದ್ದುದು ನಾಲ್ಕೇ ದಿನ. ಬೀಜದ ಚೀಲವನ್ನು ಮೂಲೆಯಲ್ಲಿಟ್ಟು ಹೊರಟ ರೈತನು ಒಣ ಮುಗಿಲಿನ ಕೆಳಗೆ ನಡೆಯುತ್ತ, ಅರ್ಧ ದಾರಿಯಲ್ಲಿ ಮಳೆ ಬಂದರೆ ಹಿಂದಿರುಗಬೇಕೋ ಮುಂದುವರಿಯಬೇಕೋ ಎಂದು ದಿನದಿನವೂ ತೂಗಬೇಕಾಗುತ್ತದೆ. ಇಂಥ ಹೊತ್ತಿನಲ್ಲಿ ಅನೇಕ ಮನೆಗಳಲ್ಲಿ ಒಬ್ಬ ನಡೆಯುತ್ತಾನೆ, ಇನ್ನೊಬ್ಬ ಹೊಲದಲ್ಲಿ ನಿಲ್ಲುತ್ತಾನೆ. ನಿಂತವನ ಪುಣ್ಯ ನಡೆದವನದಕ್ಕಿಂತ ಕಡಿಮೆಯೆಂದು ಯಾರೂ ಹೇಳಲಾರರು.

ಏಳೆಂಟು ದಿನಗಳಿದ್ದವನಿಗೆ

ಹದಿನೆಂಟು ದಿನ ದೊರೆಯದವನು ದಾರಿಯನ್ನು ಓಡಿ ಮುಗಿಸಬೇಕಾಗಿಲ್ಲ. ದಾರಿಯ ಒಂದು ತುಂಡನ್ನು ಆರಿಸಿಕೊಂಡು ಸಾವಧಾನವಾಗಿ ನಡೆದರೆ ಆಯಿತು. ಆರಂಭದ ತುಂಡು ಆಕರ್ಷಕವಾದರೂ ಕಠಿಣ. ಆಳಂದಿಯಿಂದ ಪುಣೆಗೆ 29 ಕಿಲೋಮೀಟರು. ಪುಣೆಯಿಂದ ದಿವೆ ಘಾಟಿನ ಏರನ್ನು ಹತ್ತಿ ಸಾಸವಡಕ್ಕೆ 32. ಇಡೀ ಯಾತ್ರೆಯ ಎರಡು ಉದ್ದನೆಯ ದಿನಗಳು ಇವೇ. ಮೈ ಪಳಗುವ ಮೊದಲೇ ಕಾಲು ಬೊಬ್ಬೆ ಏಳುವುದು ಇಲ್ಲಿ.

ದೂರದಿಂದ ಬರುವವನಿಗೆ ಕೊನೆಯ ತುಂಡು ಲೇಸು. ನಾತೇಪುತೆಯಿಂದ ಮಾಳಶಿರಸ 18 ಕಿಲೋಮೀಟರು, ಅಲ್ಲಿಂದ ವೇಳಾಪುರ 19, ಭಂಡಿಶೇಗಾವ 21, ವಾಖರಿ 10, ಪಂಢರಪುರ 5. ಐದು ದಿನಗಳಲ್ಲಿ ಒಟ್ಟು 73. ಹೋಗಲು ಒಂದು ದಿನ, ಏಕಾದಶಿ ಒಂದು ದಿನ, ಜನಜಂಗುಳಿಯಿಂದ ಹೊರಬಿದ್ದು ಮನೆ ಸೇರಲು ಒಂದು ದಿನ, ಅಂತೂ ಎಂಟು ದಿನ. ಏಳೇ ಇದ್ದರೆ ಮಾಳಶಿರಸದಿಂದ ಕೂಡಿಕೊಳ್ಳಬಹುದು. ನಡಿಗೆ 55 ಕಿಲೋಮೀಟರಿಗೆ ಇಳಿಯುತ್ತದೆ. ಕೊನೆಯ ಎರಡು ದಿನಗಳ ನಡಿಗೆ ಚಿಕ್ಕದು. ವಾಖರಿಯಲ್ಲಿ ಸಂತರ ಪಲ್ಲಕ್ಕಿಗಳು ಒಂದುಗೂಡುವುದರಿಂದ ಜನರ ಒತ್ತಿನಲ್ಲಿ ಬೇಗ ನಡೆಯುವ ಮಾತೇ ಇಲ್ಲ.

ವಾರಿಯ ಸೊಗಸಿನ ಹೆಚ್ಚು ಭಾಗ ಇರುವುದೂ ಈ ತುಂಡಿನಲ್ಲೇ. ಬಯಲಿನಲ್ಲಿ ಜನರು ವರ್ತುಲವಾಗಿ ನಿಂತು, ನಡುವೆ ಅಂಕಲಿಯ ಕುದುರೆಗಳು ಓಡುವ ರಿಂಗಣ ಇಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಕುದುರೆ ಹಾದುಹೋದೊಡನೆ ಗೊರಸಿನ ಮಣ್ಣಿಗಾಗಿ ಜನ ಬಾಗುತ್ತಾರೆ. ವೇಳಾಪುರದ ಬಳಿಯ ದಿಬ್ಬದಿಂದ ತುಕಾರಾಮರಿಗೆ ವಿಠಲನ ಶಿಖರ ಕಂಡಿತೆಂದೂ, ಅವರು ಅಲ್ಲಿಂದ ಓಡತೊಡಗಿದರೆಂದೂ ಪ್ರತೀತಿ. ಅದನ್ನು ನೆನೆದು ವಾರಕರಿಗಳು ಇಳಿಜಾರಿನಲ್ಲಿ ಓಡುತ್ತಾರೆ. ಎಪ್ಪತ್ತರ ಮುದುಕರೂ ಓಡುತ್ತಾರೆ. ಇಡೀ ಯಾತ್ರೆಯಲ್ಲಿ ಅವಸರಕ್ಕೆ ಅಪ್ಪಣೆಯಿರುವುದು ಇಲ್ಲಿ ಮಾತ್ರ.

ಉಳಿದ ಸಿದ್ಧತೆ ಸರಳ. ಎರಡು ತಿಂಗಳು ಮುಂಚಿನಿಂದ ನಿತ್ಯ ಐದಾರು ಕಿಲೋಮೀಟರು ನಡೆಯಬೇಕು. ಕೊನೆಯ ವಾರಗಳಲ್ಲಿ ಎರಡು ದಿನ ಒಂದರ ಹಿಂದೊಂದರಂತೆ ಹದಿನೈದು ಇಪ್ಪತ್ತು ನಡೆದು ನೋಡಬೇಕು. ಮೊದಲ ದಿನ ಎಲ್ಲರೂ ನಡೆಯಬಲ್ಲರು. ಕಾಲಿನ ನಿಜಸ್ಥಿತಿ ತಿಳಿಯುವುದು ಎರಡನೆಯ ದಿನ. ಹೊಸ ಚಪ್ಪಲಿ ಬೇಡ, ಪಳಗಿದುದೇ ಲೇಸು. ಮಳೆಗೊಂದು ಪ್ಲಾಸ್ಟಿಕ್ ಹೊದಿಕೆ ಇರಲಿ. ಎಲ್ಲಕ್ಕಿಂತ ಮೊದಲು ಯಾವುದಾದರೊಂದು ದಿಂಡಿಯ ಹಿರಿಯರನ್ನು ಕಂಡು, ವಂತಿಗೆ ಕೊಟ್ಟು, ಸೇರುವ ಊರು ಮತ್ತು ದಿನವನ್ನು ಗೊತ್ತುಮಾಡಿಕೊಳ್ಳಬೇಕು.

ಮರಳುವ ದಾರಿ

ದಾರಿಯನ್ನು ಕುಗ್ಗಿಸಲು ಸಾಧ್ಯವೇ ಇಲ್ಲವೆ? ಸಾಧ್ಯವಿದೆ. ಹುಣ್ಣಿಮೆಯಂದು ಗೋಪಾಳಪುರದ ಕಾಲಾ ಮುಗಿದ ಮೇಲೆ ಅದೇ ಪಾದುಕೆಗಳು ಅದೇ ಆಳಂದಿಗೆ ಸುಮಾರು ಹತ್ತು ದಿನಗಳಲ್ಲಿ ಮರಳುತ್ತವೆ. ಆಗ ಜೊತೆಗಿರುವವರು ಕೆಲವೇ ಮಂದಿ. ಮಹಾಮಾರಿ ಹಬ್ಬಿದ್ದ 2020 ಮತ್ತು 2021ರಲ್ಲಂತೂ ಪಾದುಕೆಗಳು ಬಸ್ಸಿನಲ್ಲಿ ಕುಳಿತು ಕೆಲವೇ ಗಂಟೆಗಳಲ್ಲಿ ಪಂಢರಪುರ ಸೇರಿದವು. ವಾರಿ ತಪ್ಪಲಿಲ್ಲ, ಆದರೆ ಆ ಎರಡು ವರ್ಷ ದಾರಿಬದಿಯ ಊರುಗಳಲ್ಲಿ ಯಾರಿಗೂ ರೊಟ್ಟಿ ಬಡಿಯುವ ಕೆಲಸವಿರಲಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿ ಪಂಢರಪುರ ಮುಟ್ಟಿದವನಿಗೆ ಏಕಾದಶಿಯಂದು ವಿಠಲ ಕಾಣುತ್ತಾನೆಯೆ? ಬಹುಮಂದಿಗೆ ಕಾಣುವುದಿಲ್ಲ. ಗರ್ಭಗುಡಿಯ ಸಾಲಿನಲ್ಲಿ ಹತ್ತಾರು ಗಂಟೆ ನಿಲ್ಲುವ ವ್ಯವಧಾನ ಅವರಿಗಿಲ್ಲ. ಹೊಲ ಕರೆಯುತ್ತಿದೆ, ಕಚೇರಿ ಕರೆಯುತ್ತಿದೆ. ಚಂದ್ರಭಾಗೆಯಲ್ಲಿ ಮುಳುಗೆದ್ದು, ನಾಮದೇವನ ಮೆಟ್ಟಿಲಿಗೆ ಹಣೆ ತಾಗಿಸಿ, ಶಿಖರದ ಕಲಶಕ್ಕೆ ಕೈಮುಗಿದು ಅವರು ಹಿಂದಿರುಗಿಬಿಡುತ್ತಾರೆ. ಅದರಲ್ಲಿ ಕೊರತೆಯೇನೂ ಅವರಿಗೆ ತೋರುವುದಿಲ್ಲ. ದಾರಿಯುದ್ದಕ್ಕೂ ಕಿರಿಯರು ಹಿರಿಯರು, ಹೆಂಗಸರು ಗಂಡಸರು, ನೀರು ಕೊಟ್ಟವರು ಕುಡಿದವರು ಒಬ್ಬರನ್ನೊಬ್ಬರು ‘ಮಾವುಲಿ’, ಎಂದರೆ ತಾಯಿ, ಎಂದು ಕರೆದು ಕಾಲು ಮುಟ್ಟಿರುತ್ತಾರೆ. ನೋಡಬೇಕಾದುದನ್ನು ಅವರು ಅಷ್ಟರಲ್ಲೇ ನೋಡಿರುತ್ತಾರೆ.

ಬಸ್ಸು ಹತ್ತುವ ಮೊದಲು ಅವರು ಇನ್ನೊಂದು ಕೆಲಸ ಮಾಡುತ್ತಾರೆ: ಬರುವ ವರ್ಷದ ಏಕಾದಶಿ ಯಾವ ತಾರೀಖಿಗೆ ಬೀಳುವುದೆಂದು ವಿಚಾರಿಸಿಕೊಳ್ಳುತ್ತಾರೆ.